ಕಮಲಾ ಸೊಹೊನಿ ಅಂದ್ರೆ ರಾಮನ್ ಕಥೆ ಮಾತ್ರಾನಾ?

ಅಮ್ಮು ಅಮ್ಮ:
ಮಗಳು ಎಂಟನೇ ಕ್ಲಾಸು. ಮುಂದಿನ ವಾರ ಶಾಲೆಯಲ್ಲಿ ಜೀವರಸಾಯನ ವಿಜ್ಞಾನಿ ಕಮಲಾ ಸೊಹೊನಿ ಬಗ್ಗೆ ಐದು ನಿಮಿಷ ಮಾತಾಡಬೇಕು. ಎಲ್ಲಿ ಹುಡುಕಿದರೂ ಒಂದೇ ಕಥೆ. 1933ರಲ್ಲಿ ಬಾಂಬೆಯಲ್ಲಿ ಬಿ.ಎಸ್ಸಿ. ಮುಗಿಸಿ ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ (ಭಾರತೀಯ ವಿಜ್ಞಾನ ಸಂಸ್ಥೆ) ಅರ್ಜಿ ಹಾಕಿದರು, ಹುಡುಗಿ ಅಂತ ಆಗ ಅಲ್ಲಿ ನಿರ್ದೇಶಕರಾಗಿದ್ದ ಸಿ.ವಿ. ರಾಮನ್ ಬೇಡ ಅಂದರು, ಇವರು ಪಟ್ಟು ಬಿಡಲಿಲ್ಲ. ಸರಿ, ಸೇರಿದ ಮೇಲೆ? "ಅಮ್ಮಾ, ಲ್ಯಾಬಲ್ಲಿ ಏನು ಮಾಡ್ತಿದ್ರು ಅವರು?" ಅಂತ ಇವಳು ಕೇಳಿದಾಗ ಉತ್ತರ ಗೊತ್ತಿಲ್ಲದೆ ಸುಮ್ನೆ ಅವರೆಕಾಯಿ ಬಿಡಿಸ್ತಾ ಕೂತಿದ್ದೆ.

ಹಿತಕವರೆ:
ಅಯ್ಯೋ, ಉತ್ತರ ನಿಮ್ಮ ಮೊರದಲ್ಲೇ ಇತ್ತಲ್ಲ! ಅವರೆಕಾಳಿನಲ್ಲಿ ಟ್ರಿಪ್ಸಿನ್ ತಡೆಯುವ ಒಂದು ವಸ್ತು ಇದೆ. ಅದನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿ, 1955ರಲ್ಲಿ ಸಹೋದ್ಯೋಗಿಯ ಜೊತೆ 'ನೇಚರ್' ಪತ್ರಿಕೆಯಲ್ಲಿ ಬರೆದವರು ಇವರೇ. ಟ್ರಿಪ್ಸಿನ್ ಅಂದರೆ ಕರುಳಲ್ಲಿ ಪ್ರೋಟೀನನ್ನು ಕತ್ತರಿಸುವ ಕಿಣ್ವ. ಕಾಳಿನ ಈ ವಸ್ತು ಹೋಗಿ ಅದಕ್ಕೆ ಅಂಟಿಕೊಳ್ಳುತ್ತದೆ, ಕತ್ತರಿ ಬಾಯಿಗೆ ಕಡ್ಡಿ ಸಿಕ್ಕಿಸಿದ ಹಾಗೆ. ಹಸಿ ಕಾಳು ತಿಂದರೆ ಪ್ರೋಟೀನು ಇದ್ದರೂ ಮೈಗೆ ಸರಿಯಾಗಿ ಹತ್ತಲ್ಲ. ಚೆನ್ನಾಗಿ ಬೇಯಿಸಿದರೆ ಅದರ ಜೋರು ಬಹುಪಾಲು ಇಳಿಯುತ್ತದೆ. ಮಗಳ ಕೈಯಲ್ಲಿ ಒಂದು ಹಿಡಿ ಅವರೆಕಾಳು ಕೊಟ್ಟು ಕಳಿಸಿ, ಅರ್ಧ ಭಾಷಣ ಆಯ್ತು.

ರಾತ್ರಿಪಾಳಿ:
ಕಾಳಿನ ಹುಚ್ಚು ಶುರುವಾಗಿದ್ದೂ ಬೆಂಗಳೂರಲ್ಲೇ. ಶ್ರೀನಿವಾಸಯ್ಯ ಅನ್ನುವ ಮೇಷ್ಟ್ರ ಹತ್ತಿರ ಹಾಲು, ಬೇಳೆಕಾಳಿನ ಪ್ರೋಟೀನಿನ ಮೇಲೆ ಕೆಲಸ ಮಾಡಿ 1936ರಲ್ಲಿ ಎಂ.ಎಸ್ಸಿ. ತಗೊಂಡರು. ಆಮೇಲೆ ಕೇಂಬ್ರಿಜ್. ಅಲ್ಲಿ ಆಲೂಗಡ್ಡೆ ಮೇಲೆ ಕೆಲಸ! ಜೀವಕೋಶ ಉಸಿರಾಡುವುದಕ್ಕೆ ಬೇಕಾದ ಸೈಟೋಕ್ರೋಮ್ ಸಿ ಅನ್ನುವ ಪ್ರೋಟೀನು ಗಿಡಗಳಲ್ಲೂ ಇದೆ ಅಂತ ತೋರಿಸಿದರು. 14 ತಿಂಗಳಲ್ಲಿ ಮುಗಿದ ಕೆಲಸ, 40 ಪುಟದ ಥೀಸಿಸ್, 1939ಕ್ಕೆ ಪಿಎಚ್.ಡಿ. ನನ್ನ ಥೀಸಿಸಲ್ಲಿ ಪೀಠಿಕೆ ಮುಗಿಯೋ ಹೊತ್ತಿಗೇ 40 ಪುಟ ದಾಟಿತ್ತು, ಆ ವಿಷಯ ಬಿಡಿ.

ಒಂದು ಮಾತು: ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಮೊದಲ ಭಾರತೀಯ ಮಹಿಳೆ ಅಂತ ಬರೆಸಬೇಡಿ. ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ 1931ರಲ್ಲೇ ಅಮೆರಿಕದ ಮಿಷಿಗನ್ನಿನಲ್ಲಿ ಪಡೆದಿದ್ದರು.

ಮಲ್ಲೇಶ್ವರದ ಅಜ್ಜಿ:
ರಾಮನ್ ಕಥೆ ಪೂರ್ತಿ ಬಿಡಬೇಡಮ್ಮ. ಸೇರಿಸಿಕೊಂಡರು ಅಂತ ಮುಗಿಸಿಬಿಡುತ್ತಾರೆ, ಷರತ್ತು ಯಾರೂ ಹೇಳಲ್ಲ. ಒಂದು ವರ್ಷ ರೆಗ್ಯುಲರ್ ವಿದ್ಯಾರ್ಥಿನಿ ಅಲ್ಲ, ಗಂಡುಮಕ್ಕಳ ಗಮನ ಕೆಡಿಸಬಾರದು, ಇಂಥವು! ಓದೋಕೆ ಬಂದವಳಿಗೆ ಹೇಳೋ ಮಾತೇನೇ ಇದು? ಆದರೆ ಅವರ ಕೆಲಸ ನೋಡಿದ ಮೇಲೆ ಹೆಣ್ಣುಮಕ್ಕಳನ್ನು ಸೇರಿಸಿಕೊಂಡರು ಅನ್ನೋದನ್ನೂ ಹೇಳಲಿ.

ನೀರಾ, ಅಂದರೆ ತೆಂಗು, ತಾಳೆಯಂಥ ಮರದಿಂದ ಇಳಿಸುವ ಸಿಹಿ ರಸ, ಅದರ ಬಗ್ಗೆ ಯಾರೂ ಬರೆದೇ ಇಲ್ಲ. ಬಡ ಮಕ್ಕಳಿಗೆ, ಬಸುರಿಯರಿಗೆ ನೀರಾ ಕೊಟ್ಟರೆ ಮೈಗೆ ಒಳ್ಳೆಯದು ಅಂತ ತೋರಿಸಿದ್ದಕ್ಕೆ ರಾಷ್ಟ್ರಪತಿ ಪ್ರಶಸ್ತಿಯೇ ಬಂತು.

ಅಮ್ಮು ಅಮ್ಮ:
ಎಲ್ಲರಿಗೂ ಥ್ಯಾಂಕ್ಸ್! ಅವರೆಕಾಳು ಒಯ್ಯೋದು ಗ್ಯಾರಂಟಿ. ನೀರಾ ಅಂದ್ರೆ ಹೆಂಡ ಅಲ್ವಾ ಅಂತ ಕೇಳ್ತಿದ್ದಾಳೆ, ಹುಳಿ ಬರೋ ಮುಂಚಿನದು ಅಂದೆ. ಹುಳಿ ಯಾಕೆ ಬರುತ್ತೆ ಅಂತ ಈಗ ಶುರು ಮಾಡಿದ್ದಾಳೆ.