ಸಹಾಯ ಬೇಕು: ಕೇಪ್ ಮೇನಲ್ಲಿ ಹಳೇ ಬಂಗಲೆಯ ವಾಸ್ತವ್ಯ

ನಮಸ್ಕಾರ. ಊರಿಂದ ಅಪ್ಪ ಅಮ್ಮ ಬಂದಿದ್ದಾರೆ. ಸೆಪ್ಟೆಂಬರಿನಲ್ಲಿ ಅವರನ್ನು ನ್ಯೂಜೆರ್ಸಿಯ ಕೇಪ್ ಮೇಗೆ ಕರ್ಕೊಂಡು ಹೋಗಿ, ವಿಕ್ಟೋರಿಯನ್ ಬಂಗಲೆಯೊಂದರಲ್ಲಿ ಎರಡು ರಾತ್ರಿ ಉಳಿಯೋ ಆಸೆ. 1878ರ ಬೆಂಕಿ ಅನಾಹುತದ ಮೇಲೆ ಮತ್ತೆ ಕಟ್ಟಿದ ಊರದು. ಜಗಲಿ ಅಂಚಿಗೆಲ್ಲ ಲೇಸಿನಂಥ ಮರಗೆಲಸ. ತೀರ್ಥಹಳ್ಳಿ ಕಡೆಯ ತೊಟ್ಟಿಮನೆಯಲ್ಲಿ ಬೆಳೆದ ಅಪ್ಪ ಅದನ್ನು ಮುಟ್ಟಿ ನೋಡಲೇಬೇಕು.

ತೊಡಕು ಅಮ್ಮನ ಮಂಡಿನೋವು. ಇಂಥ ಮನೆಗಳಲ್ಲಿ ಲಿಫ್ಟ್ ಅಪರೂಪ, ಮೆಟ್ಟಿಲೂ ಕಡಿದು. ಕೆಳಗಿನ ಅಂತಸ್ತಿನಲ್ಲೇ ಅಟ್ಯಾಚ್ಡ್ ಬಾತ್‌ರೂಮ್ ಇರೋ ರೂಮು ಸಿಗುವ ಕಡೆ ಯಾರಾದರೂ ಉಳಿದಿದ್ದೀರಾ? ಹಳೇ ಕಾಲದ ಎತ್ತರದ ಟಬ್ ಬೇಡ, ಕಾಲೆತ್ತಿ ದಾಟೋಕೆ ಅಮ್ಮನಿಗೆ ಆಗಲ್ಲ. ಮೊದಲೇ ಹೇಳಿದರೆ ಮೊಟ್ಟೆ ಇಲ್ಲದ ತಿಂಡಿ ಮಾಡಿಕೊಡ್ತಾರಾ? ಗೊತ್ತಿದ್ದವರು ದಯವಿಟ್ಟು ಹೆಸರು ತಿಳಿಸಿ, ತುಂಬಾ ಉಪಕಾರವಾಗುತ್ತೆ.