ಅಪ್ಪನ ಯೆಜ್ಡಿನ ಕೆಫೆ ರೇಸರ್ ಮಾಡಿಸ್ಬೋದಾ? ಗ್ಯಾರೇಜ್ ಅಣ್ಣನ ಹತ್ರ ಒಂದು ಪ್ರಶ್ನೆ

ಪ್ರಶ್ನೆ (ತೀರ್ಥಹಳ್ಳಿ ಕಡೆಯಿಂದ):
ಅಣ್ಣಾ ನಮಸ್ಕಾರ. ನಮ್ಮನೆ ಕೊಟ್ಟಿಗೇಲಿ ಅಪ್ಪನ 1989ರ ಯೆಜ್ಡಿ ರೋಡ್‌ಕಿಂಗ್ ನಿಂತು ಏಳೆಂಟು ವರ್ಷ ಆಯ್ತು, ಗೋಣಿಚೀಲ ಹೊದ್ಸಿದೀವಿ, ಸೀಟೊಳಗೆ ಇಲಿ ಸಂಸಾರ ಹೂಡಿದೆ. ರೀಲ್ಸ್ ನೋಡಿ ನೋಡಿ ಇದನ್ನ ಕೆಫೆ ರೇಸರ್ (ಮುಂದಕ್ಕೆ ಬಗ್ಗಿ ಕೂತು ಓಡ್ಸೋ ಹಳೇ ರೇಸ್ ಬೈಕ್ ಥರದ್ದು) ಮಾಡಿಸ್ಬೇಕು ಅಂತ ಹುಚ್ಚು ಹತ್ತಿದೆ. ಬೆಂಗ್ಳೂರಲ್ಲಿ ಒಬ್ರು ಒಂದು ಲಕ್ಷದ ಅರವತ್ತು ಸಾವಿರ ಅಂದ್ರು, ಹಿಂದಿನ ಮಡ್‌ಗಾರ್ಡ್ ತೆಗ್ದು ಫ್ರೇಮ್ ಹಿಂದ್ಗಡೆ ಕಟ್ ಮಾಡಿ ಸಿಂಗಲ್ ಸೀಟು, ಕ್ಲಿಪ್‌ಆನ್ ಹ್ಯಾಂಡಲ್ಲು (ಮುಂದಿನ ಫೋರ್ಕಿಗೇ ಕಚ್ಚಿಸೋ ಗಿಡ್ಡ ಹ್ಯಾಂಡಲ್), ಸೈಲೆನ್ಸರ್ ಪೈಪಿಗೆ ಬಟ್ಟೆ ಸುತ್ತೋದು ಎಲ್ಲ ಸೇರಿ. ದಿನಾ ಓಡ್ಸೋಕಾಗುತ್ತಾ? ಮನೆಯಿಂದ ಪೇಟೆಗೆ 18 ಕಿಲೋಮೀಟರು, ಅದ್ರಲ್ಲಿ ನಾಲ್ಕು ಮಣ್ಣು ರಸ್ತೆ. ಅಪ್ಪ ಮಾತ್ರ "ಗರಗಸ ಮುಟ್ಸು ನೋಡಣ" ಅಂತಿದಾರೆ.

ಉತ್ತರ (ಶಿವಮೊಗ್ಗ, ಗ್ಯಾರೇಜ್):
ನಮಸ್ಕಾರ ಮಾರಾಯ್ರೆ. ನಿಮ್ಮಪ್ಪನಿಗೆ ನನ್ನ ಕಡೆಯಿಂದ ಒಂದು ನಮಸ್ಕಾರ ಹೇಳಿ, ಅರ್ಧ ಉತ್ತರ ಅವ್ರೇ ಕೊಟ್ಬಿಟ್ಟಿದಾರೆ.

ಆಸೆ ತಪ್ಪಲ್ಲ, ನನಗೂ ಆ ಹುಚ್ಚಿದೆ, ಇಲ್ದಿದ್ರೆ ಸ್ಕೂಟರ್ ಸರ್ವಿಸ್ ಮಾಡ್ಕೊಂಡು ಆರಾಮಾಗಿ ಇರ್ತಿದ್ದೆ. ಮೈಸೂರು ಯಾದವಗಿರೀಲಿ 1961ರಿಂದ 1996ರ ತನಕ ತಯಾರಾದ ಗಾಡಿಗಳು ಇವು, ಮೊದ್ಲು ಜಾವಾ ಅಂತ, ಆಮೇಲೆ 1973ರಿಂದ ಯೆಜ್ಡಿ ಅಂತ. ಒಂದೇ ಸಿಲಿಂಡರು ಎರಡು ಸೈಲೆನ್ಸರು, ಕಿಕ್ಕರೂ ಗೇರ್ ಲಿವರೂ ಒಂದೇ. ಹೊಸ ಹುಡುಗ್ರು ಇದನ್ನ ನೋಡಿ ಬಾಯಿ ಬಿಡ್ತಾರೆ. ಈ ರುಚಿ ಹೊಸ ಗಾಡೀಲಿ ಸಿಗಲ್ಲ.

ಆದ್ರೆ ಕೆಫೆ ರೇಸರ್ ಅನ್ನೋದು ಹುಟ್ಟಿದ್ದು ಎಲ್ಲಿಗೆ ಅಂತ ನೋಡಿ. ಐವತ್ತು ಅರವತ್ತರ ದಶಕದ ಇಂಗ್ಲೆಂಡು, ಲಂಡನ್ನಿನ ಏಸ್ ಕೆಫೆ ಥರದ ಜಾಗದಿಂದ ಹೊರಟು ಡಾಂಬರು ರಸ್ತೇಲಿ ಗಂಟೆಗೆ 100 ಮೈಲಿ ಮುಟ್ಟಬೇಕು, ಅದಕ್ಕೆ ಬೇಡದ್ದೆಲ್ಲ ಕಿತ್ತು ತೂಕ ಇಳ್ಸಿ, ಗಾಳಿಗೆ ಸಿಗದಂಗೆ ಮೈ ಬಗ್ಸೋಕೆ ಹ್ಯಾಂಡಲ್ ಕೆಳಗಿಳ್ಸಿದ್ರು. ನಮಗೆ ಆಗುಂಬೆ ಘಾಟಿ, 14 ಹೇರ್‌ಪಿನ್ ತಿರುವು, ಮೂವತ್ತರಲ್ಲಿ ಹೋದ್ರೆ ಹೆಚ್ಚು. ಇಳಿಯೋವಾಗ ಮೈ ಭಾರ ಪೂರ್ತಿ ಮಣಿಕಟ್ಟಿನ ಮೇಲೆ, ಮೇಲಿಂದ ಕ್ಲಿಪ್‌ಆನ್ ಹ್ಯಾಂಡಲ್ ಪೂರ್ತಿ ತಿರುಗ್ಸಿದ್ರೆ ಟ್ಯಾಂಕಿಗೆ ಹೆಬ್ಬೆರಳು ಜಪ್ಪುತ್ತೆ. ಘಾಟಿ ಮಾತು ಬಂದಿದ್ದಕ್ಕೆ ಇನ್ನೊಂದು ಹೇಳ್ಬಿಡ್ತೀನಿ, ಪೆಟ್ರೋಲಿಗೆ ಆಯಿಲ್ ಬೆರ್ಸಿ ಓಡ್ಸೋ ಟೂ ಸ್ಟ್ರೋಕ್‌ನಲ್ಲಿ ಆಕ್ಸಿಲೇಟರ್ ಪೂರ್ತಿ ಬಿಟ್ಟು ಗೇರಲ್ಲೇ ಉದ್ದಕ್ಕೆ ಇಳಿದ್ರೆ ಇಂಜಿನ್ನಿಗೆ ಪೆಟ್ರೋಲೂ ಇಲ್ಲ, ಅದ್ರ ಜೊತೆ ಹೋಗೋ ಆಯಿಲೂ ಇಲ್ಲ, ಪಿಸ್ಟನ್ ಹಿಡ್ಕೊಂಡ್ಬಿಡುತ್ತೆ. ಆಗಾಗ ಕ್ಲಚ್ ಹಿಡ್ದು ಒಂಚೂರು ಆಕ್ಸಿಲೇಟರ್ ಕೊಡಿ. ಹಳಬ್ರು ಇದನ್ನ ಕೇಳ್ದೇನೇ ಮಾಡ್ತಿದ್ರು.

ಇನ್ನು ಮಳೆ. ಆರಿದ್ರಾ ಮಳೆ ಹಿಡ್ಕೊಂಡ ಮೇಲೆ ಹಿಂದೆ ಮಡ್‌ಗಾರ್ಡ್ ಇಲ್ದಿರೋ ಗಾಡೀಲಿ ನಿಮ್ಮ ಆ ನಾಲ್ಕು ಕಿಲೋಮೀಟರ್ ಮಣ್ಣು ರಸ್ತೆ ಹೋಗಿ ನೋಡಿ, ಪೇಟೆ ಮುಟ್ಟೋದ್ರಲ್ಲಿ ಬೆನ್ನ ಮೇಲೆ ಗದ್ದೆ ನಾಟಿ ಮಾಡ್ಬೋದು. ಫಿಲ್ಟರ್ ಬಾಕ್ಸ್ ಕಿತ್ತು ಕಾರ್ಬುರೇಟರಿಗೆ ನೇರ ಸಿಕ್ಕಿಸೋ ಫಿಲ್ಟರ್ ಹಾಕಿದ್ರೆ ನೀರು ಎಳೀತದೆ, ಮೇಲಿಂದ ಜೆಟ್ಟಿಂಗ್, ಅಂದ್ರೆ ಕಾರ್ಬುರೇಟರಿನ ಪೆಟ್ರೋಲ್ ಅಳತೆ, ಪೂರ್ತಿ ಮತ್ತೆ ಕೂರಿಸ್ಬೇಕು. ಪೈಪಿಗೆ ಸುತ್ತೋ ಬಟ್ಟೆ ಬೇಡ್ವೇ ಬೇಡ, ಒದ್ದೆ ಬಟ್ಟೆ ಒಳಗೆ ಪೈಪು ಸದ್ದಿಲ್ದೆ ತುಕ್ಕು ಹಿಡ್ದು ಹೋಗ್ತದೆ, ಬಿಚ್ಚಿದ್ ದಿನವೇ ಗೊತ್ತಾಗೋದು. ಚೈನ್ ಕವರ್ ಇದ್ರೆ ಕೈ ಹಚ್ಬೇಡಿ, ಕೆಸರಿಗೆ ಅದಕ್ಕಿಂತ ಒಳ್ಳೇದಿಲ್ಲ.

ನಾನಾದ್ರೆ ಏನ್ ಮಾಡ್ತಿದ್ದೆ ಅಂದ್ರೆ, ಕತ್ತರಿಸೋದು ಬೆಸುಗೆ ಹಾಕೋದು ಒಂದೂ ಇಲ್ಲ, ಬೋಲ್ಟ್ ಬಿಚ್ಚಿ ಹಾಕೋ ಕೆಲ್ಸ ಮಾತ್ರ. ಉದ್ದ ಸೀಟನ್ನೇ ತೆಳ್ಳಗೆ ಮಾಡಿ ಹೊಸ ಕುಷನ್ನು, ಅಗಲದ ಹ್ಯಾಂಡಲ್ಲು, ರೌಂಡ್ ಹೆಡ್‌ಲೈಟು ಹೇಗೂ ಇದೆ, ಬಟನ್ ಟೈರು (ಮಣ್ಣು ಹಿಡಿಯೋ ಗಟ್ಟಿ ಗಡ್ಡೆ ಇರೋದು). ಕೆಫೆ ರೇಸರ್‌ಗಿಂತ ಸ್ಕ್ರ್ಯಾಂಬ್ಲರ್, ಅಂದ್ರೆ ಮಣ್ಣು ರಸ್ತೆಗೂ ಆಗೋ ಬೈಕ್, ಅದ್ರ ಕಡೆ ವಾಲುತ್ತೆ, ನಮ್ಮ ರಸ್ತೆಗೆ ಅದೇ ಸರಿ. ಬೇಡ ಅನ್ಸಿದ್ರೆ ಒಂದು ಮಧ್ಯಾಹ್ನದಲ್ಲಿ ಅಪ್ಪನ ಗಾಡಿ ಅಪ್ಪನಿಗೆ ವಾಪಸ್ಸು.

ದುಡ್ಡು ಮೊದ್ಲು ಇಂಜಿನ್ನಿಗೆ ಇಡಿ. ಅಷ್ಟು ವರ್ಷ ನಿಂತಿದೆ ಅಂದ್ರೆ ಕ್ರ್ಯಾಂಕಿನ ಆಯಿಲ್ ಸೀಲುಗಳು ಕಲ್ಲಾಗಿರ್ತವೆ, ಅಲ್ಲಿಂದ ಗಾಳಿ ಎಳ್ದು ಪೆಟ್ರೋಲ್ ಮಿಕ್ಸ್ಚರ್ ತೆಳ್ಳಗಾಗಿ ಪಿಸ್ಟನ್ ಸೀಜ್ ಆಗೋದೇ ಹೆಚ್ಚು. ಪೇಂಟ್ ಹೊಡ್ಸಿ ಕ್ರೋಮ್ ಮಾಡ್ಸಿ ಮೂರನೇ ದಿನ ತಳ್ಕೊಂಡು ಬಂದೋರನ್ನ ಸುಮಾರು ಜನ ನೋಡಿದೀನಿ. ಟ್ಯಾಂಕ್ ಒಳಗಿನ ತುಕ್ಕು ತೆಗೀಬೇಕು, ರಬ್ಬರ್ ಪೈಪುಗಳೆಲ್ಲ ಹೊಸದು, ಯಾಕಂದ್ರೆ ಈಗಿನ ಪೆಟ್ರೋಲಲ್ಲಿ ಎಥೆನಾಲ್ 20 ಪರ್ಸೆಂಟ್, ಹಳೇ ರಬ್ಬರಿಗೆ ಅದು ಆಗಲ್ಲ, ನಮ್ಮ ಥಂಡಿ ಹವಾಕ್ಕೆ ನೀರೂ ಹೀರ್ಕೊಳ್ತದೆ. ಬ್ರೇಕ್ ಲೈನರ್ ಕಂಜೂಸಿ ಮಾಡ್ದೆ ಬದಲಾಯ್ಸಿ, ಡ್ರಮ್ ಬ್ರೇಕು, ಟೂ ಸ್ಟ್ರೋಕಿಗೆ ಇಂಜಿನ್ ಹಿಡಿತಾನೂ ಕಮ್ಮಿ.

ಪ್ರಶ್ನೆ (ಸಾಗರ):
ಫ್ರೇಮ್ ಕಟ್ ಮಾಡಿದ್ರೆ ಆರ್‌ಟಿಓ ಹಿಡೀತಾರಾ ನಿಜವಾಗ್ಲೂ? ನನ್ನ ಫ್ರೆಂಡ್ ಆರಾಮಾಗಿ ಓಡ್ಸ್ತಿದಾನೆ.

ಉತ್ತರ:
ಹಿಡಿಯೋ ತನಕ ಎಲ್ರೂ ಆರಾಮೇ. ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್ ಪ್ರಕಾರ ಆರ್‌ಸೀಲಿ ಇರೋ ವಿವರ ಕಂಪನಿ ಮಾಡಿದ್ದಕ್ಕಿಂತ ಬೇರೆ ಆಗೋ ಹಂಗೆ ಗಾಡಿ ಬದಲಾಯ್ಸೋ ಹಂಗಿಲ್ಲ. 2019ರ ತಿದ್ದುಪಡಿ ಆದ್ಮೇಲೆ ಓನರಿಗೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳ ತನಕ ಜೈಲೂ ಬರ್ದಿದಾರೆ. ದಂಡ ಕಟ್ಟಿ ಬರ್ಬೋದು ಬಿಡಿ, ಆಕ್ಸಿಡೆಂಟ್ ಆದಾಗ ಇನ್ಶೂರೆನ್ಸಿನವ್ರು ಕತ್ತರಿಸಿದ ಫ್ರೇಮ್ ಫೋಟೋ ಹಿಡ್ಕೊಂಡು ತಕರಾರು ತೆಗೀತಾರಲ್ಲ, ಅದು ದೊಡ್ಡ ತಲೆನೋವು. ಬಣ್ಣ ಬದಲಾಯ್ಸಿದ್ರೆ ಆರ್‌ಸೀಲಿ ಬರ್ಸಿ. ತೀರ್ಥಹಳ್ಳಿಯವ್ರೇ, ನಿಮ್ಮ ಗಾಡಿಗೆ 15 ವರ್ಷ ದಾಟಿ ಎಷ್ಟೋ ಕಾಲ ಆಗಿದೆ, ಐದೈದು ವರ್ಷಕ್ಕೆ ಆರ್‌ಸಿ ರಿನ್ಯೂವಲ್ ಆಗ್ಬೇಕು, ಕೊನೇದು ಯಾವಾಗ ಆಗಿದೆ ನೋಡಿ. ಅದಿಲ್ದೆ ಮಿಕ್ಕಿದ್ದು ಏನೂ ಶುರು ಮಾಡ್ಬೇಡಿ.

ಪ್ರಶ್ನೆ (ಹೊಸನಗರ):
ಅಣ್ಣ ನಮ್ಮೆಜಮಾನ್ರೂ ಈ ರೆಟ್ರೋ ಬೈಕ್ ಅಂತ ಕೂತಿದಾರೆ, ಸಿಂಗಲ್ ಸೀಟಂತೆ. ನನ್ನನ್ನೂ ಮಗೂನೂ ಎಲ್ಲಿ ಕೂರಿಸ್ತಾರೆ ಕೇಳಿ ಸ್ವಲ್ಪ.

ಉತ್ತರ:
ಹಹ್ಹಾ, ಅಕ್ಕಾ ಅದು ನಾನು ಕೇಳೋ ಪ್ರಶ್ನೆ ಅಲ್ಲ, ನೀವೇ ಕೇಳ್ಬೇಕು. ಹಳೇ ಗಾಡಿ ರಿಪೇರಿ ತಾಳ್ಮೆ ಇಲ್ದಿದ್ರೆ ಕಂಪನೀನೇ ಹಳೇ ರೂಪದಲ್ಲಿ ಮಾಡೋ ಗಾಡಿ ನೋಡ್ಲಿ, ಎನ್‌ಫೀಲ್ಡ್ ಕ್ಲಾಸಿಕ್ ಇದೆ, ಹೋಂಡಾ ಸಿಬಿ 350 ಇದೆ, 2018ರಲ್ಲಿ ಜಾವಾನೂ 2022ರಲ್ಲಿ ಯೆಜ್ಡೀನೂ ಹೊಸದಾಗಿ ಬಂದಿವೆ, ಫೋರ್ ಸ್ಟ್ರೋಕು. ಸೆಲ್ಫ್ ಸ್ಟಾರ್ಟು, ಡಿಸ್ಕ್ ಬ್ರೇಕು, ಎಬಿಎಸ್ಸು. ಹಿಂದಿನ ಸೀಟಿರೋ ಮಾಡೆಲ್ಲೇ ತಗೊಳ್ಳಿ, ಮಗು ಸಂಗಡ ಹೋಗಿ ಕೂತು ನೋಡಿ ಆಮೇಲೆ ಅಡ್ವಾನ್ಸ್ ಕೊಡಿ.

ತೀರ್ಥಹಳ್ಳಿಯವ್ರು:
ಅಪ್ಪನಿಗೆ ಓದಿ ಹೇಳ್ದೆ. ಸೀಟು ಮಾತ್ರ ಬದಲಾಯ್ಸು ಅಂದ್ರು, ಇಲಿ ಕಾರಣಕ್ಕೆ. ಹ್ಯಾಂಡಲ್ ಬಗ್ಗೆ ಇನ್ನೂ ಮಾತುಕತೆ ನಡೀತಿದೆ. ಗಾಡಿ ನಾಳೆ ಸ್ಟಾರ್ಟ್ ಮಾಡಿ ತರ್ಲಾ?

ಉತ್ತರ:
ಅಯ್ಯೋ ಕಿಕ್ ಹೊಡೀಲೇಬೇಡಿ! ಪ್ಲಗ್ ಬಿಚ್ಚಿ ಎರಡು ಚಮಚ ಟೂ ಸ್ಟ್ರೋಕ್ ಆಯಿಲ್ ಬಿಟ್ಟು ಹಂಗೇ ಇಡಿ. ಅಡಿಕೆ ತಗೊಂಡು ಬರೋ ಪಿಕಪ್ ಇದ್ರೆ ಅದ್ರಲ್ಲೇ ಹಾಕ್ಕೊಂಡು ಬನ್ನಿ, ಮಂಗಳವಾರ ಬಿಟ್ಟು. ಅಪ್ಪನ್ನೂ ಕರ್ಕೊಂಡ್ ಬನ್ನಿ, ಆ ಹ್ಯಾಂಡಲ್ ವಿಷ್ಯ ಇಲ್ಲೇ ಕೂತು ಮಾತಾಡಣ.