ಘಟ್ಟ ಹತ್ತುವಾಗ ನಿಲ್ಲುವ ಡೀಸೆಲ್ ಗಾಡಿ: ಪಂಪ್ ಬಿಚ್ಚುವ ಮೊದಲು ಏನು ನೋಡಬೇಕು?

ಪ್ರಶ್ನೆ, ಶಿರಸಿಯಿಂದ

ನನ್ನ ಹಳೆಯ ಡೀಸೆಲ್ ಗಾಡಿಯಲ್ಲಿ ಎಂಜಿನ್ನಿಗೆ ಡೀಸೆಲ್ ಒತ್ತಿ ಕಳಿಸುವ ಪಂಪ್ ಎಲೆಕ್ಟ್ರಾನಿಕ್ ನಿಯಂತ್ರಣದ ರೋಟರಿ ಬಗೆಯದು. ಕುಮಟಾದಿಂದ ಬರುವಾಗ ದೇವಿಮನೆ ಘಟ್ಟದಲ್ಲಿ ಎರಡು ಸಲ ನಿಂತಿತು. ಅರ್ಧ ತಾಸು ಬಿಟ್ಟರೆ ಏನೂ ಆಗದಂತೆ ಚಾಲೂ ಆಗುತ್ತದೆ. ದೋಷ ಓದುವ ಸ್ಕ್ಯಾನರ್ ಜೋಡಿಸಿದಾಗ ಪಂಪ್ ಸ್ಪೀಡ್ ಸೆನ್ಸರ್ (ಪಂಪ್ ತಿರುಗುವ ವೇಗ ಅಳೆಯುವ ಭಾಗ) ದೋಷ ಎಂದು ಬಂತು. ಪಂಪನ್ನೇ ಬದಲಿಸಬೇಕು ಎನ್ನುತ್ತಾರೆ ಮೆಕ್ಯಾನಿಕ್. ಈ ವರ್ಷದ ಅಡಿಕೆ ದುಡ್ಡಿನ ದೊಡ್ಡ ಪಾಲು ಅದಕ್ಕೇ ಹೋಗುತ್ತದೆ. ಅನುಭವವಿದ್ದವರು ದಯವಿಟ್ಟು ತಿಳಿಸಿ.

ಕಾರವಾರದಿಂದ

ಪಂಪ್ ಬಿಚ್ಚಲು ಈಗಲೇ ಒಪ್ಪಬೇಡಿ. ಆ ಸೆನ್ಸರಿನ ಸಂಕೇತ ಗಾಡಿಯ ಕಂಪ್ಯೂಟರಿಗೆ ಸರಿಯಾಗಿ ತಲುಪಲಿಲ್ಲ ಎಂಬುದಷ್ಟೇ ಸ್ಕ್ಯಾನರಿಗೆ ಗೊತ್ತು. ತಪ್ಪು ಸೆನ್ಸರಿನದೋ, ತಂತಿಯದೋ, ಕನೆಕ್ಟರಿನದೋ ಎಂದು ಅದು ಹೇಳಲಾರದು. ನನಗೂ ಇದೇ ದೋಷ ಬಂದಿತ್ತು. ಕಡಲ ಗಾಳಿಗೆ ನಿಲ್ಲುವ ಗಾಡಿ. ಕನೆಕ್ಟರ್ ಬಿಚ್ಚಿದರೆ ಪಿನ್ನುಗಳ ಮೇಲೆ ಹಸಿರು ಕಿಲುಬು ಕಟ್ಟಿತ್ತು. ಅದನ್ನು ತೆಗೆದು, ಸಡಿಲವಾಗಿದ್ದ ಪಿನ್ನನ್ನು ಬಿಗಿ ಮಾಡಿದೆ. ಮತ್ತೆ ಆ ದೋಷ ಬರಲಿಲ್ಲ.

ನಿಮ್ಮದು ಬಿಸಿಯಾದಾಗ ಮಾತ್ರ ನಿಲ್ಲುತ್ತದೆ ಎಂಬುದು ದೊಡ್ಡ ಸುಳಿವು. ತಣ್ಣಗಿರುವಾಗ ಗ್ಯಾರೇಜಿನಲ್ಲಿ ಎಷ್ಟು ಅಳೆದರೂ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಆದ್ದರಿಂದ ಮಲ್ಟಿಮೀಟರ್ ಗಾಡಿಯಲ್ಲೇ ಇರಲಿ, ನಿಂತ ಜಾಗದಲ್ಲೇ ಅಳೆಯಿರಿ.

ಮೊದಲು ಸೆನ್ಸರಿಗೆ ಎಷ್ಟು ತಂತಿ ಇವೆ ಎಂದು ಎಣಿಸಿ. ಎರಡಿದ್ದರೆ ಸಾಮಾನ್ಯವಾಗಿ ಒಳಗಿರುವುದು ಆಯಸ್ಕಾಂತ ಮತ್ತು ತಾಮ್ರದ ಸುರುಳಿ. ಹಲ್ಲಿನ ಚಕ್ರ ಅದರ ಮುಂದೆ ತಿರುಗಿದಂತೆ ಸಣ್ಣ ಎಸಿ ವೋಲ್ಟೇಜ್ ಹುಟ್ಟುತ್ತದೆ. ಕೀಲಿ ತೆಗೆದು, ಕನೆಕ್ಟರ್ ಬಿಡಿಸಿ ರೋಧ ಅಳೆಯಿರಿ. ಇಂಥ ಸುರುಳಿಗಳಲ್ಲಿ ಅದು ಹೆಚ್ಚಾಗಿ ಕೆಲವು ನೂರು ಓಮ್‌ನಿಂದ ಒಂದೆರಡು ಸಾವಿರ ಓಮ್‌ವರೆಗೆ ಇರುತ್ತದೆ. ನಿಖರ ಅಂಕಿಯನ್ನು ನಿಮ್ಮ ಗಾಡಿಯ ಸರ್ವಿಸ್ ಕೈಪಿಡಿಯಿಂದಲೇ ತೆಗೆದುಕೊಳ್ಳಿ. ತಾಮ್ರದ ರೋಧ ಪ್ರತಿ ಡಿಗ್ರಿಗೆ ಸುಮಾರು 0.4 ಶೇಕಡಾ ಏರುತ್ತದೆ. 30 ಡಿಗ್ರಿಯಿಂದ 90 ಡಿಗ್ರಿಗೆ ಹೋದರೆ ಕಾಲು ಭಾಗದಷ್ಟು ಹೆಚ್ಚು ಬರುವುದು ಸಹಜ, ಅದನ್ನು ಕಂಡು ಸೆನ್ಸರ್ ಸತ್ತಿದೆ ಎನ್ನಬೇಡಿ. ಮೀಟರ್ ಯಾವ ಅಂಕಿಯನ್ನೂ ತೋರಿಸದೆ ಕೊನೆಯಿಲ್ಲದ ರೋಧ (OL) ಎಂದರೆ ಮಾತ್ರ ಎಲ್ಲೋ ಕಡಿದಿದೆ ಎಂದರ್ಥ. ಪಿನ್ನಿಗೂ ಗಾಡಿಯ ಮೈಗೂ ನಡುವೆ ಸಂಪರ್ಕ ಇರಲೇಬಾರದು.

ಮೂರು ತಂತಿ ಇದ್ದರೆ ಅದು ಹಾಲ್ ಸೆನ್ಸರ್, ಅಂದರೆ ಹೊರಗಿನ ವಿದ್ಯುತ್ತಿನಿಂದ ನಡೆಯುವ ಎಲೆಕ್ಟ್ರಾನಿಕ್ ಸೆನ್ಸರ್, ಆಗಿರಬಹುದು. ಅದಕ್ಕೆ ಓಮ್ ಅಳತೆ ಬೇಡ. ವಿದ್ಯುತ್ ಪೂರೈಕೆ, ಅರ್ಥಿಂಗ್ ಮತ್ತು ಸಂಕೇತ ನೋಡಬೇಕು.

ಕುಮಟಾದಿಂದ

ಗಾಡಿ ಹೇಗೆ ನಿಂತಿತು ಎಂದು ನೆನಪಿಸಿಕೊಳ್ಳಿ. ಕೀಲಿ ತಿರುಗಿಸಿ ಆರಿಸಿದಂತೆ ಒಮ್ಮೆಲೇ ನಿಂತಿದ್ದರೆ ವಿದ್ಯುತ್ತಿನ ಕಡೆ ನೋಡಿ. ಎಳೆತ ಕಡಿಮೆಯಾಗಿ, ಜರ್ಕು ಹೊಡೆದು ನಿಂತಿದ್ದರೆ ಮೊದಲು ಡೀಸೆಲ್ ಫಿಲ್ಟರ್ ನೋಡಿ, ಪಂಪಿಗೆ ಬರುವ ಪೈಪಿಗೆ ಸ್ವಲ್ಪ ದೂರ ಪಾರದರ್ಶಕ ಕೊಳವೆ ಜೋಡಿಸಿ ಗಾಳಿಗುಳ್ಳೆ ಬರುತ್ತದೆಯೇ ಪರೀಕ್ಷಿಸಿ. ಈ ಪಂಪುಗಳನ್ನು ತಂಪಾಗಿಡುವುದೂ ಡೀಸೆಲ್ಲೇ. ಆರ್‌ಪಿಎಂ ಮುಳ್ಳನ್ನು ಮಾತ್ರ ನಂಬಬೇಡಿ. ಹಲವು ಗಾಡಿಗಳಲ್ಲಿ ಅದು ಎಂಜಿನ್ನಿನ ಕ್ರ್ಯಾಂಕ್ ಸೆನ್ಸರಿನಿಂದ ಓಡುತ್ತದೆ, ಪಂಪಿನದರಿಂದ ಅಲ್ಲ.

ಯಲ್ಲಾಪುರದಿಂದ

ನನ್ನ ವಿಷಯದಲ್ಲಿ ಮೆಕ್ಯಾನಿಕ್ ಹೇಳಿದ್ದೇ ನಿಜವಾಯಿತು. ಅರಬೈಲ್ ಘಟ್ಟದಲ್ಲಿ ನಿಂತಿತ್ತು. ತಂತಿಗಳೆಲ್ಲ ಸರಿ ಇದ್ದವು, ಸೆನ್ಸರ್ ಪಂಪಿನ ಒಳಗಿತ್ತು, ಹೊರಗಿನಿಂದ ಬದಲಿಸಲು ಆಗುವಂಥದ್ದಲ್ಲ. ಟೆಸ್ಟ್ ಬೆಂಚ್ ಇರುವ ಪಂಪ್ ಅಂಗಡಿಗೇ ಕೊಡಬೇಕಾಯಿತು. ಮರಳಿ ಕೂರಿಸುವಾಗ ಟೈಮಿಂಗ್ ಸರಿಯಾಗಿ ಹೊಂದಿಸುವವರನ್ನೇ ಆರಿಸಿ.

ಎರಡು ಎಚ್ಚರಿಕೆ ಹೇಳಲೇಬೇಕು. ಬೇಗ ತಣಿಯಲಿ ಎಂದು ಬಿಸಿ ಪಂಪಿನ ಮೇಲೆ ನೀರು ಸುರಿಯಬೇಡಿ, ಒಳಗಿನ ಬಿಗಿ ಭಾಗಗಳು ಕಚ್ಚಿಕೊಳ್ಳಬಹುದು. ಇನ್ನು ಎಂಜಿನ್ ನಿಂತ ಮೇಲೆ ಬ್ರೇಕಿಗೆ ಸಿಗುವ ವ್ಯಾಕ್ಯೂಮ್ ನೆರವು ಒಂದೆರಡು ತುಳಿತಕ್ಕೆ ಮುಗಿಯುತ್ತದೆ, ಸ್ಟೀರಿಂಗ್ ಕೂಡ ಭಾರವಾಗುತ್ತದೆ. ದೋಷ ಸಿಗುವ ತನಕ ಮನೆಯವರನ್ನು ಕೂರಿಸಿಕೊಂಡು ಘಟ್ಟ ಇಳಿಯಬೇಡಿ.

ಮತ್ತೆ ಶಿರಸಿಯಿಂದ

ಎಲ್ಲರಿಗೂ ಕೃತಜ್ಞತೆ. ಗೆಳೆಯನೊಬ್ಬನೇ ಜೊತೆಗಿದ್ದ, ಮೀಟರ್ ಇಟ್ಟುಕೊಂಡು ಹೋದೆವು. ದೇವಿಮನೆಯ ಏರಿನಲ್ಲಿ ಒಮ್ಮೆಲೇ ನಿಂತಿತು. ಎರಡು ತಂತಿಯ ಸೆನ್ಸರ್. ಪಂಪಿನ ಪಕ್ಕದ ಕನೆಕ್ಟರಿನಲ್ಲೇ ಅಳೆದಾಗ ಸೆನ್ಸರಿನ ಕಡೆ ಸುಮಾರು 1,100 ಓಮ್ ಬಂತು, ಮನೆಯಲ್ಲಿ ತಣ್ಣಗಿದ್ದಾಗ 900 ಇತ್ತು. ಅಂದರೆ ಸೆನ್ಸರ್ ಬದುಕಿದೆ. ಕಂಪ್ಯೂಟರಿನ ಕಡೆಯ ತಂತಿಯನ್ನು ತುದಿಯಿಂದ ತುದಿಗೆ ನೋಡಿದರೆ ಒಂದರಲ್ಲಿ ಸಂಪರ್ಕವೇ ಇಲ್ಲ. ಬ್ರ್ಯಾಕೆಟ್ಟಿನ ಬಳಿ ಬಾಗಿದ್ದ ಜಾಗವನ್ನು ನೆಟ್ಟಗೆ ಮಾಡಿದೊಡನೆ ಸಂಪರ್ಕ ಬಂತು, ಬಿಟ್ಟರೆ ಹೋಯಿತು. ಹೊರಗಿನ ಹೊದಿಕೆಗೆ ಏನೂ ಆಗಿರಲಿಲ್ಲ, ಒಳಗಿನ ತಾಮ್ರ ಕಡಿದಿತ್ತು. ಹೊಸ ತುಂಡು ಬೆಸುಗೆ ಹಾಕಿಸಿ, ಸುತ್ತಲಿನ ಜಾಲರಿ ಕವಚವನ್ನೂ ಮೊದಲಿನಂತೆ ಜೋಡಿಸಿದೆವು.

ಆಮೇಲೆ ಮೂರು ಸಲ ಕುಮಟಾಕ್ಕೆ ಹೋಗಿ ಬಂದೆ, ನಿಲ್ಲಲಿಲ್ಲ. ಮಳೆ ಹಿಡಿದ ಮೇಲೆ ಹೇಗಿರುತ್ತದೆ ಎಂದು ನೋಡಿ ಮತ್ತೆ ಬರೆಯುತ್ತೇನೆ.